ಬೂದಿ ಬುಧವಾರದ ಹಣೆ

ಉದಯಗಿರಿ, ಮೈಸೂರು
6 ಜನವರಿ 2025

ಪ್ರೀತಿಯ ಲೂರ್ದು ಅತ್ತೆಗೆ ಸ್ತೋತ್ರ.

ನಿಮ್ಮ ಅಣ್ಣ ಜೋಸೆಫ್‌ರಾಜ್ ಅವರ ಮಗಳು ಸ್ವೀಟಿ ಬರೆಯುತ್ತಿದ್ದೇನೆ. ಅಕ್ಷರ ಕಂಡು ಗುರುತು ಹತ್ತಲಿಕ್ಕಿಲ್ಲ, ಪೆನ್ನು ಹಿಡಿದು ಎಷ್ಟೋ ಕಾಲವಾಯಿತು. ನಿಮ್ಮ ಮಠದ ಸನ್ಯಾಸಿನಿಯರಿಗೆ ಫೋನಿಲ್ಲ, ಗೋಡೆ ದಾಟುವ ಹಾಗಿಲ್ಲ, ಬಂದವರ ಜೊತೆ ಕಂಬಿಯ ಆಚೆ ಕೂತು ಮಾತಾಡಬೇಕು. ಕಂಬಿಯ ಈಚೆ ಬರಲು ನನಗೆ ಇನ್ನೂ ಧೈರ್ಯವಿಲ್ಲ. ಹಾಗಾಗಿ ಕಾಗದವೇ ಗತಿ.

ನಿಮ್ಮ ವ್ರತದ ಬೆಳ್ಳಿಹಬ್ಬದ ಕಾರ್ಡು ಬಂತು. ಅಪ್ಪ ಅದನ್ನು ಗ್ಯಾರೇಜಿನಲ್ಲಿ ಮಾತೆಯ ಪಟದ ಪಕ್ಕ ಸಿಕ್ಕಿಸಿದ್ದಾರೆ. ಸ್ಕೂಟರ್ ರಿಪೇರಿಗೆ ಬಂದವರೆಲ್ಲ ಓದಿಯೇ ಹೋಗಬೇಕು. "ಜೂನ್ ಇಪ್ಪತ್ತೆಂಟಕ್ಕೆ ನೀನು ಬರ್ಲೇಬೇಕು ಕಣಮ್ಮ, ಎಷ್ಟು ವರ್ಷ ತಪ್ಪಿಸ್ಕೊಂಡೀಯ" ಅಂದರು. ಬರುತ್ತೇನೆ ಅಂದೆ.

ನೀವು ನನ್ನನ್ನು ಕೊನೆಯ ಸಲ ನೋಡಿದ್ದು ಹತ್ತನೇ ಕ್ಲಾಸಿನಲ್ಲಿ, ಮೊಡವೆಗಳು ಆಗತಾನೆ ಶುರುವಾಗಿದ್ದಾಗ. ಆಮೇಲೆ ಅವು ನನ್ನ ಮುಖದಲ್ಲಿ ಸಂತೆ ಕಟ್ಟಿ, ಸಾಕಾದಾಗ ಎದ್ದು ಹೋದವು. ಗುಂಡಿಗಳನ್ನು ಮಾತ್ರ ಬಿಟ್ಟು ಹೋದವು. ಎರಡು ಕೆನ್ನೆ, ಹಣೆ, ಕಿವಿಯ ಹತ್ತಿರ. ಕಡಲೆಹಿಟ್ಟು, ಶ್ರೀಗಂಧ, ಲೋಳೆಸರ ಎಲ್ಲ ಆಯಿತು. ಕಲ್ಲಿನ ಮೇಲೆ ಮಳೆ ಸುರಿದ ಹಾಗೆ.

ಹೆಬ್ಬಾಳದ ಕಾರ್ಖಾನೆಯಲ್ಲಿ ನನ್ನ ಕೆಲಸ ಏನು ಗೊತ್ತೇ? ಫ್ರಿಜ್ ಬಾಗಿಲಿನ ತಗಡುಗಳನ್ನು ಓರೆ ಬೆಳಕಿಗೆ ಹಿಡಿದು ತಗ್ಗು ಹುಡುಕುವುದು. ನೇರ ಬೆಳಕಿನಲ್ಲಿ ಎಲ್ಲ ತಗಡೂ ಚೆನ್ನ. ಪಕ್ಕದಿಂದ ಬೆಳಕು ಬಿದ್ದರೆ ಸಾಸಿವೆಯಷ್ಟು ತಗ್ಗಿಗೂ ನೆರಳು ಮೂಡುತ್ತದೆ. ನೆರಳು ಕಂಡರೆ ರಿಜೆಕ್ಟ್. ದಿನವಿಡೀ ಇದನ್ನೇ ಮಾಡುವವಳಿಗೆ ಸಂಜೆಯ ಬಸ್ಸಿನ ಕಿಟಕಿಯ ಪಕ್ಕ ತನ್ನ ಮುಖ ಹೇಗೆ ಕಾಣುತ್ತದೆ ಅಂತ ಯಾರೂ ಹೇಳಬೇಕಿಲ್ಲ.

ಹೋದ ವಾರ ಚರ್ಮದ ಡಾಕ್ಟರ್ ಲಾಸ್ಯ ಅವರ ಹತ್ತಿರ ಹೋದೆ. ಅವರೂ ದೀಪವನ್ನು ಓರೆಯಾಗಿಯೇ ಹಿಡಿದರು! ನಾನು ನಕ್ಕೆ, ಅವರಿಗೆ ಯಾಕೆಂದು ತಿಳಿಯಲಿಲ್ಲ. ಲೇಸರ್ ಬೆಳಕಿನಿಂದ ಸುಡುವುದು ಒಂದು ದಾರಿ, ಆಸಿಡ್ ಹಚ್ಚಿ ಮೇಲಿನ ಪದರ ಎಬ್ಬಿಸುವುದು ಇನ್ನೊಂದು, ಸಣ್ಣ ಸೂಜಿಗಳಿಂದ ಮುಖವೆಲ್ಲ ಚುಚ್ಚುವುದು ಮತ್ತೊಂದು. ಇವೆಲ್ಲ ಗಾಯ ಮಾಡುವ ದಾರಿಗಳೇ ಅಲ್ಲವೇ ಅಂದೆ. "ಹೌದು ಕಣ್ರೀ. ಗುಂಡಿ ತುಂಬೋದು ನಾವಲ್ಲ, ನಿಮ್ಮ ಚರ್ಮ. ಅದು ಸುಮ್ನೆ ಮಲಗ್ಬಿಟ್ಟಿದೆ, ನಾವು ಎಬ್ಬಿಸ್ತೀವಿ ಅಷ್ಟೇ" ಅಂದರು. ಅತ್ತೆ, ಆ ಮಾತು ಕೇಳಿ ನಾನು ಬೆರಗಾಗಿ ಕೂತುಬಿಟ್ಟೆ. ಇಷ್ಟು ವರ್ಷ ನಾನು ಬೈದುಕೊಂಡ ಚರ್ಮ!

ಯಾವುದನ್ನು ಆರಿಸಲಿ? ಅಮ್ಮ ಇದ್ದಿದ್ದರೆ ಅವಳನ್ನು ಕೇಳುತ್ತಿದ್ದೆ. ಅಪ್ಪನನ್ನು ಕೇಳಿದರೆ "ನಿನ್ ಮುಖಕ್ಕೇನಾಗ್ಬುಟ್ಟದೆ?" ಅನ್ನುತ್ತಾರೆ. ಜೂನ್‌ನಲ್ಲಿ ನಾನು ನಿಮ್ಮ ಮುಂದೆ ತಲೆ ಎತ್ತಿ ಕೂರಬೇಕು. ನನಗೆ ಬೇಕಾಗಿರುವುದು ಅಷ್ಟೇ.

ಚಿಕ್ಕವಳಿದ್ದಾಗ ನೀವು ಕಂಬಿಯಿಂದ ಎರಡು ಬೆರಳು ತೂರಿಸಿ ನನ್ನ ಕೆನ್ನೆ ಸವರುತ್ತಿದ್ದಿರಿ. ಈಗ ಮಠದ ನಿಯಮ ಬದಲಾಗಿದೆಯಂತೆ, ಕೈ ಹೊರಗೆ ಹಾಕುವ ಹಾಗಿಲ್ಲವಂತೆ. ಅಪ್ಪ ಹೇಳಿದರು. ಹೌದೇ?

ನಿಮ್ಮ
ಸ್ವೀಟಿ

*

ಮಠ
21 ಜನವರಿ 2025

ನನ್ನ ಸ್ವೀಟಿಗೆ ಯೇಸುವಿನ ಆಶೀರ್ವಾದ.

ನಿನ್ನ ಕಾಗದವನ್ನು ಊಟದ ಮುಂಚೆ ಓದಿದೆ, ಊಟವಾದ ಮೇಲೆ ಮತ್ತೆ ಓದಿದೆ. ಅಹಂಕಾರ, ಕನ್ನಡಿಯ ಮೋಹ ಅಂತ ಪ್ರವಚನ ಕೊಡುತ್ತೇನೆ ಅಂದುಕೊಂಡಿದ್ದರೆ ಆ ಆಸೆ ಬಿಡು. ನಮ್ಮಲ್ಲಿ ಕನ್ನಡಿಯೇ ಇಲ್ಲ, ಅದರ ಮೋಹ ನನಗೇನು ಗೊತ್ತು? ತಲೆಯ ಬಟ್ಟೆ ಸರಿಯಾಗಿದೆಯೇ ಅಂತ ಒಬ್ಬರನ್ನೊಬ್ಬರು ಕೇಳುತ್ತೇವೆ. ಕೇಳಿದವರು ಸೊಟ್ಟಗಿದ್ದರೂ ಸರಿ ಅನ್ನುತ್ತಾರೆ.

ಚರ್ಮದ ವಿಷಯ ಬರೆದೆಯಲ್ಲ, ನನ್ನ ಕಥೆ ಕೇಳು. ನನ್ನ ಕೆಲಸ ಪೂಜೆಗೆ ಬೇಕಾದ ಪರಮಪ್ರಸಾದದ ಬಿಲ್ಲೆ ಸುಡುವುದು. ಕಾದ ಎರಡು ಕಬ್ಬಿಣದ ಹಲಗೆಗಳ ನಡುವೆ ಹಿಟ್ಟು ಸುರಿದು ಒತ್ತಬೇಕು. ಆ ಹಲಗೆ ಮುಟ್ಟಿ ಮುಟ್ಟಿ ನನ್ನ ಬೆರಳ ತುದಿ ಬೆಂದು, ಜಡ್ಡುಗಟ್ಟಿ, ಗೆರೆಗಳೇ ಮಾಯವಾಗಿದ್ದವು. ಆಧಾರ್ ಮಾಡಲು ಬಂದವನು ಯಂತ್ರವನ್ನು ಕಂಬಿಯೊಳಗೆ ತಳ್ಳಿ, "ಒತ್ತಿ ಸಿಸ್ಟರ್, ಇನ್ನೂ ಜೋರಾಗಿ ಒತ್ತಿ" ಅಂದ. ಎಷ್ಟು ಒತ್ತಿದರೂ ಯಂತ್ರ ಒಪ್ಪಲಿಲ್ಲ. "ಸರ್ಕಾರದ ಲೆಕ್ಕದಲ್ಲಿ ನಿಮಗೆ ಬೆರಳೇ ಇಲ್ಲ" ಅಂದುಬಿಟ್ಟ.

ಮದರ್ ನನ್ನನ್ನು ಕೆಲವು ತಿಂಗಳು ಹೊಲಿಗೆಯ ಕೋಣೆಗೆ ಹಾಕಿದರು. ಜಡ್ಡು ಸಿಪ್ಪೆಯಾಗಿ ಎದ್ದು ಹೋಯಿತು. ಒಂದು ಬೆಳಿಗ್ಗೆ ಕಿಟಕಿಯ ಹತ್ತಿರ ಕೈ ನೋಡಿಕೊಳ್ಳುತ್ತೇನೆ, ಹೆಬ್ಬೆರಳಲ್ಲಿ ಶಂಖ, ತೋರುಬೆರಳಲ್ಲಿ ಚಕ್ರ! ನಿಮ್ಮಜ್ಜಿ ನನ್ನನ್ನು ಮಡಿಲಲ್ಲಿ ಕೂರಿಸಿಕೊಂಡು ಎಣಿಸಿದ್ದ ಅದೇ ಶಂಖ, ಅದೇ ಚಕ್ರ, ಅದೇ ಬೆರಳುಗಳಲ್ಲಿ. ಅಷ್ಟು ವರ್ಷ ಬೆಂಕಿಯ ಕೆಳಗೆ ಅವನ್ನು ಯಾರು ಕಾಪಾಡಿಟ್ಟಿದ್ದರು? ನಾನು ಅಲ್ಲೇ ಮೊಣಕಾಲೂರಿದೆ. ಹೊಲಿಗೆಯ ಸಿಸ್ಟರ್ ನನಗೆ ತಲೆ ತಿರುಗಿತು ಅಂದುಕೊಂಡು ನೀರು ತಂದರು.

ಬೆಂಕಿಯೂ ನನಗೆ ಗೊತ್ತು, ಸೂಜಿಯೂ ಗೊತ್ತು. ಎರಡರಲ್ಲಿ ಸೂಜಿ ಸಾಧು. ಆದರೆ ನಾನು ಡಾಕ್ಟರಲ್ಲ. ನಮ್ಮ ಬಣ್ಣದ ಚರ್ಮಕ್ಕೆ ಯಾವುದು ಒಗ್ಗುತ್ತದೆ, ಎಷ್ಟು ಗುಣ ಕಾಣುತ್ತದೆ, ಎಡವಟ್ಟಾದರೆ ಏನಾಗುತ್ತದೆ ಅಂತ ಕೇಳು. ಕೇಳಿ ನನಗೆ ಬರಿ. ಒಂದನ್ನೂ ಬಿಡಬೇಡ.

ನಿನ್ನ ಅತ್ತೆ
ಸಿಸ್ಟರ್ ಲೂರ್ದುಮೇರಿ

*

ಉದಯಗಿರಿ
10 ಫೆಬ್ರವರಿ 2025

ಅತ್ತೆ, ಸ್ತೋತ್ರ.

ಸೂಜಿಯೇ ಆಯಿತು. ನೀವು ಹೇಳಿದ್ದನ್ನೆಲ್ಲ ಕೇಳಿದೆ. ಡಾಕ್ಟರ್ ಲಾಸ್ಯ ಕುರ್ಚಿ ಎಳೆದು ಕೂತು ಉತ್ತರ ಕೊಟ್ಟರು. ಲೇಸರಿನ ಶಾಖಕ್ಕೆ ನಮ್ಮಂಥ ಕಂದು ಚರ್ಮ ಕೆಲವು ಸಲ ಕಪ್ಪಿಡುತ್ತದಂತೆ; ಗುಂಡಿ ಹೋಗಿ ಕಲೆ ಬಂದರೆ ಏನು ಸುಖ? ಎಷ್ಟು ಹೋಗುತ್ತದೆ ಅಂದದ್ದಕ್ಕೆ, "ಅರ್ಧ ಹೋದ್ರೆ ನಾನು ಹಬ್ಬ ಮಾಡ್ತೀನಿ. ಪೂರ್ತಿ ಹೋಗುತ್ತೆ ಅನ್ನೋರ ಹತ್ರ ಹೋಗ್ಬೇಡಿ" ಅಂದರು. ಆ ಮಾತಿಗೇ ಅವರ ಮೇಲೆ ನಂಬಿಕೆ ಬಂತು.

ಹೋದ ಸೋಮವಾರ ಮೊದಲ ಸಲ ಮಾಡಿದರು. ಮರಗಟ್ಟಿಸುವ ಮುಲಾಮು ಹಚ್ಚಿದರು. ಕೆಲವು ಗುಂಡಿಗಳನ್ನು ಒಳಗಿನಿಂದ ನಾರುಗಳು ಹಿಡಿದು ಕೆಳಕ್ಕೆ ಎಳೆಯುತ್ತಿರುತ್ತವಂತೆ. ಒಂದು ಸೂಜಿಯನ್ನು ಚರ್ಮದ ಅಡಿಯಲ್ಲಿ ಓಡಿಸಿ ಅವನ್ನು ಕತ್ತರಿಸಿದರು. ನೋವಿರಲಿಲ್ಲ, ಶಬ್ದ ಕೇಳಿಸಿತು ಅತ್ತೆ! ಹಳೆಯ ಹೊಲಿಗೆ ಬಿಚ್ಚುವಾಗ ಬರುತ್ತದಲ್ಲ, ಆ ಶಬ್ದ. ಹತ್ತು ವರ್ಷ ನನ್ನ ಮುಖವನ್ನು ಒಳಗಿನಿಂದ ಹಿಡಿದೆಳೆಯುತ್ತಿದ್ದದ್ದು ಬಿಟ್ಟಿತು. ಕಣ್ಣಲ್ಲಿ ನೀರು ಬಂತು. ಆಮೇಲೆ ಮುಖವೆಲ್ಲ ಚುಚ್ಚಿದರು.

ಎರಡು ದಿನ ಟೊಮೇಟೊ ಹಣ್ಣಿನ ಹಾಗಿದ್ದೆ. ಈಗ ಮೇಲೆ ಏನೂ ಬದಲಾವಣೆ ಇಲ್ಲ. ಒಳಗೆ ಮಾತ್ರ ಕೆಲಸ ಶುರುವಾಗಿದೆಯಂತೆ, ತಿಂಗಳುಗಟ್ಟಲೆ ನಡೆಯುತ್ತದಂತೆ. ನಾನು ತಗಡು ನೋಡುವಾಗ, ಬಸ್ಸಿನಲ್ಲಿ ತೂಕಡಿಸುವಾಗ, ನಿದ್ದೆ ಮಾಡುವಾಗಲೂ. ಯಾರಿಗೂ ಕಾಣದೆ ಒಳಗೇ ಕೆಲಸ ಮಾಡುವವರು ಅಂದಕೂಡಲೇ ನನಗೆ ನಿಮ್ಮ ಮಠ ನೆನಪಾಯಿತು.

ಎರಡನೆಯದು ಮಾರ್ಚ್ ಮೂರಕ್ಕೆ. ಆ ಸಲ ಹಣೆಯೂ ಉಂಟು.

ಕೈ ಹೊರಗೆ ಹಾಕುವ ನಿಯಮದ ಬಗ್ಗೆ ನೀವು ಬರೆಯಲೇ ಇಲ್ಲ.

ಸ್ವೀಟಿ

*

ಮಠ
26 ಫೆಬ್ರವರಿ 2025

ನನ್ನ ಸ್ವೀಟಿಗೆ,

ಅವಸರದಲ್ಲಿ ಬರೆಯುತ್ತಿದ್ದೇನೆ. ಹೋದ ವರ್ಷದ ಗರಿಗಳ ಭಾನುವಾರದ ತೆಂಗಿನ ಗರಿಗಳೆಲ್ಲ ಒಣಗಿ ಬಂದಿವೆ. ಸುಟ್ಟು, ಕುಟ್ಟಿ, ಬಟ್ಟೆಯಲ್ಲಿ ಜರಡಿ ಹಿಡಿದು ಇಗರ್ಜಿಗಳಿಗೆ ಕಳಿಸಬೇಕು. ಈ ವರ್ಷ ಅದು ನನ್ನ ಪಾಲಿಗೆ ಬಂದಿದೆ. ನಿಮ್ಮ ಇಗರ್ಜಿಯ ಪೊಟ್ಟಣವನ್ನು ಬೇರೆ ಇಟ್ಟು, ಇನ್ನೊಂದು ಸಲ ಜರಡಿ ಹಿಡಿದೆ. ಕಾಡಿಗೆಯಷ್ಟು ನುಣುಪು. ಬೂದಿ ಬುಧವಾರ ನಿನ್ನ ಹಣೆಗೆ ಬೀಳುವುದು ನನ್ನ ಕೈಯ ಬೂದಿ ಅಂತ ಒಂದು ಖುಷಿ.

ಬುಧವಾರದಿಂದ ಈಸ್ಟರ್‌ವರೆಗೆ ತಪಸ್ಸಿನ ಕಾಲ. ನಾವು ಕಾಗದ ಬರೆಯುವುದಿಲ್ಲ, ಬಂದದ್ದನ್ನು ಓದುವುದೂ ಇಲ್ಲ. ಮದರ್ ಪೆಟ್ಟಿಗೆಯಲ್ಲಿಟ್ಟು ಹಬ್ಬಕ್ಕೆ ಕೊಡುತ್ತಾರೆ. ನೀನು ಬರೆಯುವುದನ್ನು ನಿಲ್ಲಿಸಬೇಡ.

ಅತ್ತೆ

*

ಉದಯಗಿರಿ
9 ಮಾರ್ಚ್ 2025

ಅತ್ತೆ,

ನೀವು ಇದನ್ನು ಈಸ್ಟರ್‌ಗೆ ಓದುತ್ತೀರಿ. ಅಷ್ಟರಲ್ಲಿ ನನ್ನ ಸಿಟ್ಟು ಇಳಿದಿರಬಹುದು. ಈಗಂತೂ ಇಳಿದಿಲ್ಲ.

ಸೋಮವಾರ ಹಣೆಗೂ ಕೆನ್ನೆಗೂ ಚುಚ್ಚಿದರು. ತಾವು ಕೊಟ್ಟ ಮುಲಾಮು ಬಿಟ್ಟು ಬೇರೇನೂ ಸೋಕಬಾರದು ಅಂದರು. ಬುಧವಾರ ಸಂಜೆ ನಾನು ಇಗರ್ಜಿಗೆ ಹೋಗದೆ ಮನೆಯಲ್ಲಿರಬಹುದಿತ್ತು. ಹೋದರೂ ನೆತ್ತಿಗೆ ಹಾಕಿ ಅಂತ ಫಾದರ್‌ಗೆ ಹೇಳಬಹುದಿತ್ತು. ಆದರೆ ಅದು ನಿಮ್ಮ ಕೈಯ ಬೂದಿ. ಹತ್ತು ವರ್ಷದಿಂದ ನಿಮ್ಮ ಕೈ ಸೋಕದ ಮುಖ ಇದು. ಕೆನ್ನೆಯನ್ನೆಲ್ಲ ದುಪಟ್ಟದಲ್ಲಿ ಮುಚ್ಚಿಕೊಂಡು ಹಣೆ ತೆರೆದು ಸಾಲಿನಲ್ಲಿ ನಿಂತೆ. ಹುಚ್ಚು ಅನ್ನಿ.

ಬೂದಿ ಗಾಳಿಗೆ ಹಾರಬಾರದು ಅಂತ ಯಾರೋ ಈ ಸಲ ನೀರಿನಲ್ಲಿ ಕಲಸಿದ್ದರು. ಫಾದರ್ ಹೆಬ್ಬೆರಳಿನಿಂದ ಶಿಲುಬೆ ಎಳೆದರು. ಮನೆ ಮುಟ್ಟುವಷ್ಟರಲ್ಲಿ ಸುಣ್ಣ ಹಚ್ಚಿದ ಹಾಗೆ ಉರಿ. ತೊಳೆದರೆ ಬೂದಿ ಹೋಯಿತು, ಶಿಲುಬೆ ಹೋಗಲಿಲ್ಲ. ಕೆಂಪಗೆ, ನಾಲ್ಕು ತೋಳು ಸಮೇತ ಹಣೆಯ ನಡುವೆ ಕೂತಿತ್ತು.

"ನೆನೆದ ಬೂದಿ ಅಂದ್ರೆ ಕ್ಷಾರ ಕಣ್ರೀ, ಹಿಂದಿನವರು ಅದ್ರಲ್ಲೇ ಬಟ್ಟೆ ಒಗೀತಿದ್ರು" ಅಂತ ಡಾಕ್ಟರ್ ಲಾಸ್ಯ ತಲೆಯ ಮೇಲೆ ಕೈ ಹೊತ್ತರು. ಕಪ್ಪಾಗುತ್ತದಂತೆ. ಎಷ್ಟು ಕಾಲ ಅಂದರೆ "ಚರ್ಮವನ್ನ ಕೇಳ್ಬೇಕು" ಅಂದರು. ಕಲೆ ಬೀಳಬಾರದು ಅಂತ ಲೇಸರ್ ಬಿಟ್ಟವಳು ನಾನು! ಇದ್ದ ಗುಂಡಿ ಸಾಲದೆಂದು ಮೇಲೊಂದು ಶಿಲುಬೆ. ಜೂನ್‌ಗೆ ಬರುವುದಿಲ್ಲ ಅಂತ ಅಪ್ಪನಿಗೆ ಹೇಳಿಬಿಟ್ಟಿದ್ದೇನೆ.

ಸ್ವೀಟಿ

*

ಉದಯಗಿರಿ
27 ಮಾರ್ಚ್ 2025

ಅತ್ತೆ, ಸ್ತೋತ್ರ.

ಇಲ್ಲಿ ನಡೆಯುತ್ತಿರುವುದನ್ನು ಯಾರಿಗೆ ಹೇಳಲಿ? ಶಿಲುಬೆ ಕಂದಾಗಿ, ಬರೆದ ಹಾಗೆ ಸ್ಪಷ್ಟವಾಗಿದೆ. ಭಾನುವಾರ ಪೂಜೆ ಮುಗಿದ ಮೇಲೆ ಒಬ್ಬ ಅಜ್ಜಿ ಬಂದು ನನ್ನ ಹಣೆ ಮುಟ್ಟಿ ಬೆರಳಿಗೆ ಮುತ್ತಿಟ್ಟುಕೊಂಡರು. ಅವರ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. "ಅಜ್ಜಿ, ಇದು ಸುಟ್ಟ ಗಾಯ" ಅಂದೆ. "ಗೊತ್ತು ಬುಡಮ್ಮ, ಎಲ್ರಿಗೂ ಹಚ್ಚಿದ್ರು, ನಮಗ್ಯಾಕೆ ಉಳೀಲಿಲ್ಲ?" ಅಂದರು.

ಗ್ಯಾರೇಜಿನ ಪಕ್ಕ ಹೂವು ಮಾರುವ ಕೆಂಚಮ್ಮ ಇದ್ದಾರಲ್ಲ, ಅವರು ಮೊಳ ಮಲ್ಲಿಗೆ ತಂದು ಮುಡಿಸಿ ಕೈ ಮುಗಿದರು. ಅವರಿಗೂ ಹೇಳಿದೆ, ಬೂದಿ ನೀರಿನಿಂದ ಸುಟ್ಟದ್ದು ಅಂತ. "ಸುಟ್ರೆ ಏನಾಯ್ತು ತಾಯಿ, ಸುಟ್ಟಿದ್ದೂ ದೇವ್ರ ಬೂದಿನೇ ಅಲ್ವಾ?" ಅಂದರು. ಅಪ್ಪ ಪಾನಾ ಹಿಡಿದುಕೊಂಡು ಒಳಗಿನಿಂದ ನೋಡುತ್ತಿದ್ದರು. ನಗುತ್ತಿದ್ದರೋ ಅಳುತ್ತಿದ್ದರೋ, ಮುಖಕ್ಕೆ ಗ್ರೀಸು ಮೆತ್ತಿತ್ತು, ಗೊತ್ತಾಗಲಿಲ್ಲ.

ಕಾರ್ಖಾನೆಯಲ್ಲಿ ನನ್ನ ಜೊತೆ ಕೆಲಸ ಮಾಡುವ ವರ್ಷಿಣಿ ಕೇಳಿದಳು, ಆಮೇಲೆ ಲೈನಿನವರೆಲ್ಲ ಕೇಳಿದರು. ಎಲ್ಲರಿಗೂ ದುಪಟ್ಟ ಸರಿಸಿ, ಮುಖ ಎತ್ತಿ ತೋರಿಸಿ ಹೇಳಿದೆ. ನಾಲ್ಕು ಜನಕ್ಕೆ ಹೇಳಿದ ಮೇಲೆ ನನಗೇ ಹೊಳೆಯಿತು: ನಾನು ಮುಖ ಎತ್ತಿದ್ದೇನೆ. ಅವರು ಹಣೆಯನ್ನೇ ನೋಡುತ್ತಿದ್ದಾರೆ, ಕೆನ್ನೆಯ ಗುಂಡಿಗಳು ಯಾರಿಗೂ ಬೇಡ. ಅತ್ತೆ, ನನ್ನ ಮುಖವನ್ನು ಜನ ಬೆರಗಿನಿಂದ ನೋಡಿದ್ದು ಇದೇ ಮೊದಲು. ತಪ್ಪು ಕಾರಣಕ್ಕೆ ನೋಡುತ್ತಿದ್ದಾರೆ ಅಂತ ಗೊತ್ತು. ಆದರೂ ದುಪಟ್ಟವನ್ನು ಮತ್ತೆ ಎಳೆದುಕೊಳ್ಳಲಿಲ್ಲ.

ಸ್ವೀಟಿ

*

ಉದಯಗಿರಿ
14 ಏಪ್ರಿಲ್ 2025

ಅತ್ತೆ,

ಶಿಲುಬೆ ಮಾಸುತ್ತಿದೆ. ಅಡ್ಡ ತೋಳು ಹೋಯಿತು, ನೇರ ಗೆರೆ ಉಳಿದಿದೆ. ಅಜ್ಜಿಯರಿಗೆ ಬೇಜಾರು. ನನಗೂ ಸ್ವಲ್ಪ.

ಇವತ್ತು ಕೆಲಸದಲ್ಲಿ ಬಣ್ಣ ಹೊಡೆಯದ ಹೊಳಪು ತಗಡೊಂದು ಬಂತು. ಓರೆ ದೀಪಕ್ಕೆ ಹಿಡಿದರೆ ಅದರಲ್ಲಿ ನನ್ನ ಮುಖ. ಯಾವತ್ತೂ ಕಣ್ಣು ತೆಗೆದುಬಿಡುತ್ತಿದ್ದೆ, ಇವತ್ತು ತಗಡು ನೋಡುವ ಹಾಗೆಯೇ ನೋಡಿದೆ. ನೆರಳುಗಳಿವೆ, ಆದರೆ ಬಲಗೆನ್ನೆಯಲ್ಲಿ ಕಪ್ಪಗಿದ್ದವು ಬೂದಿ ಬಣ್ಣಕ್ಕೆ ಬಂದಿವೆ. ಎಡಗೆನ್ನೆಯ ಆಳದವು ಹಾಗೇ ಇವೆ. ಹಣೆಯಲ್ಲಿ ಸುಟ್ಟ ಜಾಗದಲ್ಲಿ ಹೊಸ ಚರ್ಮ, ಮಗುವಿನದರ ಹಾಗೆ. ಎಲ್ಲಿತ್ತು ಅತ್ತೆ ಇದು? ಸೂಪರ್‌ವೈಸರ್ ಚೈತನ್ಯ "ಆ ಪೀಸ್ ರಿಜೆಕ್ಟಾ?" ಅಂತ ಕೂಗಿದರು. "ಇಲ್ಲ ಸಾರ್, ಓಕೆ" ಅಂದೆ.

ನೀವು ಈಗ ಓದುತ್ತಿಲ್ಲ, ಅದಕ್ಕೇ ಇದನ್ನು ಬರೆಯಬಲ್ಲೆ. ಹತ್ತನೇ ಕ್ಲಾಸಿನಲ್ಲಿ ಬಂದಾಗ ನನ್ನ ಕೆನ್ನೆಯಲ್ಲಿ ಕೀವು ತುಂಬಿದ ಮೊಡವೆ ಇತ್ತು. ನೀವು ಬೆರಳು ಚಾಚಿದಿರಿ. ಪೂಜೆಯ ಬಿಲ್ಲೆ ಮುಟ್ಟುವ ಬೆರಳು. ನನ್ನ ಕೀವು ಅದಕ್ಕೆ ಅಂಟಿಬಿಟ್ಟರೆ? ಮುಖ ಹಿಂದಕ್ಕೆ ಎಳೆದುಕೊಂಡೆ. ಆಮೇಲೆ ಬರಲೇ ಇಲ್ಲ. ಬಂದರೆ ಮತ್ತೆ ಚಾಚುತ್ತೀರಿ ಅಂತ.

ಸ್ವೀಟಿ

*

ಮಠ
21 ಏಪ್ರಿಲ್ 2025, ಈಸ್ಟರ್ ಸೋಮವಾರ

ನನ್ನ ಮಗಳೇ ಸ್ವೀಟಿ,

ಮೂರೂ ಕಾಗದ ಒಟ್ಟಿಗೆ ಸಿಕ್ಕವು. ಮೊದಲನೆಯದು ಓದಿ ಓಡಿಹೋಗಿ ಮದರ್ ಮುಂದೆ ನಿಂತು, "ನಾನು ಮಗುವಿನ ಹಣೆ ಸುಟ್ಟುಬಿಟ್ಟೆ" ಅಂತ ಅತ್ತುಬಿಟ್ಟೆ. ಎರಡನೆಯದನ್ನು ಮದರ್ ಊಟದ ಮನೆಯಲ್ಲಿ ಎಲ್ಲರಿಗೂ ಓದಿಸಿದರು. ಕೆಂಚಮ್ಮನ ಮಾತಿಗೆ ನಮ್ಮ ಹಿರಿಯ ಸಿಸ್ಟರ್ ಸಾರಿನ ಬಟ್ಟಲು ಬೀಳಿಸುವಷ್ಟು ನಕ್ಕರು. ರಾತ್ರಿ ಇಡೀ ಮಠ ಒಂದು ಹಣೆಗಾಗಿ ಪ್ರಾರ್ಥನೆ ಮಾಡಿತು. ರಾಜರಿಗೂ ಸಿಕ್ಕದ ಭಾಗ್ಯ ಕಣೆ ನಿನ್ನದು.

ಮೂರನೆಯದನ್ನು ಯಾರಿಗೂ ತೋರಿಸಲಿಲ್ಲ.

ನಿಯಮ ಬದಲಾಗಿಲ್ಲ ಸ್ವೀಟಿ. ಮಠದಲ್ಲಿ ಅಂಥ ನಿಯಮ ಯಾವತ್ತೂ ಇರಲಿಲ್ಲ. ಅವತ್ತು ನೀನು ಮುಖ ಎಳೆದುಕೊಂಡಾಗ ನಾನು ನನ್ನ ಕೈ ನೋಡಿಕೊಂಡೆ. ಬೆಂದು ಬಿರಿದ ಬೆರಳುಗಳು, ಮರ ಉಜ್ಜುವ ಮರಳುಕಾಗದದ ಹಾಗೆ. ಮಗುವಿನ ಕೆನ್ನೆಗೆ ಚುಚ್ಚಿತು, ಅದಕ್ಕೇ ಹೆದರಿ ಬರುವುದು ಬಿಟ್ಟಳು ಅಂದುಕೊಂಡೆ. ಅವತ್ತಿನಿಂದ ಯಾರು ಬಂದರೂ ಕೈಗಳನ್ನು ನಿಲುವಂಗಿಯ ತೋಳಿನೊಳಗೆ ಸೇರಿಸಿ ಕೂರುತ್ತೇನೆ. ನಿಮ್ಮಪ್ಪ ಯಾಕೆ ಅಂತ ಕೇಳಿದ, ನಿಯಮ ಅಂದೆ. ನಾನೇ ಮಾಡಿಕೊಂಡ ನಿಯಮ. ಗೆರೆಗಳು ಮರಳಿ ಬಂದ ದಿನ ಮೊಣಕಾಲೂರಿದೆ ಅಂತ ಬರೆದೆನಲ್ಲ, ಅವತ್ತು ನನಗೆ ಮೊದಲು ನೆನಪಾದದ್ದು ನಿನ್ನ ಕೆನ್ನೆ. ಅದಾದ ಮೇಲೂ ಒಲೆಗೆ ಮರಳಿದೆ, ಈಗ ಮತ್ತೆ ಜಡ್ಡು ಬಿದ್ದಿದೆ.

ಹತ್ತು ವರ್ಷ ಇಬ್ಬರೂ ತಂತಮ್ಮ ಚರ್ಮಕ್ಕೆ ಬೈದುಕೊಂಡು ಕೂತೆವಲ್ಲೇ! ಜೂನ್‌ನಲ್ಲಿ ಬಾ. ಶಿಲುಬೆ ಇದ್ದರೂ ಬಾ, ಇಲ್ಲದಿದ್ದರೂ ಬಾ.

ಅತ್ತೆ

*

ಉದಯಗಿರಿ
30 ಜೂನ್ 2025

ಅತ್ತೆಗೆ ಸ್ತೋತ್ರ.

ಮೊನ್ನೆ ನಡೆದದ್ದು ನಿಮಗೂ ಗೊತ್ತು, ನನಗೂ ಗೊತ್ತು. ಆದರೂ ಬರೆದಿಡದಿದ್ದರೆ ಕನಸು ಅನ್ನಿಸುತ್ತದೆ.

ಬಸ್ಸಿನಲ್ಲಿ ಬರುವಾಗ ಲೆಕ್ಕ ಹಾಕಿಕೊಂಡಿದ್ದೆ: ಬಲಗೆನ್ನೆಯನ್ನು ಕಂಬಿಯ ಕಡೆಗಿಟ್ಟು ಕೂರಬೇಕು, ಅದು ಸುಧಾರಿಸಿದ ಕೆನ್ನೆ. ನಿಮ್ಮ ಕೋಣೆಯ ಕುರ್ಚಿ ಇಟ್ಟ ರೀತಿಗೆ ಎಡಗೆನ್ನೆಯೇ ನಿಮ್ಮ ಪಾಲಿಗೆ ಬಂತು. ನೀವು ಕೈಗಳನ್ನು ತೋಳಿನೊಳಗೆ ಇಟ್ಟುಕೊಂಡೇ ಕೂತಿರಿ. ಅಪ್ಪ ಗ್ಯಾರೇಜು, ಮಳೆ, ಪೆಟ್ರೋಲು ಎಲ್ಲ ಮಾತಾಡಿದರು. ನಾವಿಬ್ಬರೂ ಅಪ್ಪನ ಮಾತನ್ನು ಅಷ್ಟು ಗಮನವಿಟ್ಟು ಕೇಳಿದ್ದು ಅದೇ ಮೊದಲು. ಗಂಟೆ ಹೊಡೆಯಿತು. ಇನ್ನು ಏಳಬೇಕು ಅನ್ನುವಾಗ ತೋಳಿನಿಂದ ಎರಡು ಬೆರಳು ಹೊರಬಂದು ಕಂಬಿಯ ಹತ್ತಿರ ನಿಂತುಬಿಟ್ಟವು.

ನಾನೇ ಮುಂದೆ ಬಾಗಿದೆ. ಬೆರಳುಗಳು ಆಳದ ಗುಂಡಿಗಳ ಮೇಲೆಯೇ ಇಳಿದವು. ಒರಟಾಗಿದ್ದವು ಅತ್ತೆ, ಸುಳ್ಳು ಹೇಳುವುದಿಲ್ಲ. ಬೆಚ್ಚಗೂ ಇದ್ದವು.

"ಚುಚ್ಚುತ್ತಾ ಸ್ವೀಟಿ?" ಅಂದಿರಿ ನೀವು.

"ನಿಮಗೆ ಚುಚ್ಚುತ್ತಾ ಅತ್ತೆ?" ಅಂದೆ ನಾನು.

ಇಬ್ಬರದೂ ಒಂದೇ ಉಸಿರಿಗೆ ಬಂತು. ಇಬ್ಬರೂ ಇಲ್ಲ ಅನ್ನಲಿಲ್ಲ. ನೀವೂ ಬೆರಳು ತೆಗೆಯಲಿಲ್ಲ, ನಾನೂ ಮುಖ ತೆಗೆಯಲಿಲ್ಲ. ಅಪ್ಪ ಎದ್ದು ಗೋಡೆಯ ಕಡೆ ತಿರುಗಿ ಚಪ್ಪಲಿ ಹುಡುಕತೊಡಗಿದರು, ಚಪ್ಪಲಿ ಅವರ ಕಾಲಲ್ಲೇ ಇತ್ತು.

ಮೂರನೆಯ ಸಲದ ಸೂಜಿ ಮುಂದಿನ ಸೋಮವಾರ. ಮಾಡಿಸಿಕೊಳ್ಳುತ್ತೇನೆ. ಚರ್ಮ ಇನ್ನೂ ಏನೇನು ಕಟ್ಟಬಲ್ಲದು ಅಂತ ನೋಡುವ ಆಸೆ. ಹಣೆಯ ಶಿಲುಬೆ ಈಗ ಓರೆ ಬೆಳಕಿಗೂ ಕಾಣುವುದಿಲ್ಲ.

ಮುಂದಿನ ತಿಂಗಳು ಬರುತ್ತೇನೆ. ಕೈ ತೋಳಿನೊಳಗೆ ಇಟ್ಟುಕೊಂಡು ಕೂರಬೇಡಿ.

ನಿಮ್ಮ
ಸ್ವೀಟಿ